ಮಡಿಕೆ ಬಿಚ್ಚಿದ ಪ್ಯಾಂಟು

ಅತ್ತಾವರದ ಆಸ್ಪತ್ರೆ, ಮೂರನೇ ಮಾಳಿಗೆ.
ಕೇಳುವುದು, ಬರೆಯುವುದು ನನ್ನ ಕೆಲಸ.
ಎದುರಿಗೆ ಉಳ್ಳಾಲದ ಜುಲೇಖಾ,
ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಹಳದಿ,
ಮಡಿಲಲ್ಲಿ ಹದಿನಾಲ್ಕರ ಮಗನ ಎಕ್ಸ್‌ರೇ.

ಕುಟುಂಬದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಕ್ಯಾನ್ಸರ್?
ಇಲ್ಲ.
ಕೂಸಿದ್ದಾಗ ಕಣ್ಣಲ್ಲಿ ಗಡ್ಡೆ,
ಫೋಟೋದಲ್ಲಿ ಬೆಕ್ಕಿನ ಕಣ್ಣಿನಂಥ ಬಿಳಿ ಹೊಳಪು?
ಅವನ ಕಣ್ಣಿಗೆ ಎಂತ ಆಗಿಲ್ಲ,
ಗೋಲ್ ಪೋಸ್ಟಿನಲ್ಲಿ ನಿಂತು ಕಡಲಿನ ದೋಣಿ ಎಣಿಸ್ತಾನೆ.
ಹಿಂದೆ ಎಂದಾದರೂ ರೇಡಿಯೇಶನ್ ಚಿಕಿತ್ಸೆ?
ಹಾಗೆಂದರೆ?
ಇಲ್ಲ ಎಂದು ಬರೆದೆ.

ಅವಳು ಕುರ್ಚಿ ಹತ್ತಿರ ಎಳೆದಳು.
ಅವನು ಹೊಟ್ಟೆಯಲ್ಲಿದ್ದಾಗಲೂ ಬೀಡಿ ಕಟ್ಟಿದ್ದೇನೆ,
ದಿನಕ್ಕೆ ಎಂಟುನೂರು. ಅದು ಬರೆದಿರಾ?
ಆ ಪ್ರಶ್ನೆ ಇದರಲ್ಲಿ ಇಲ್ಲ.
ಮರಳಿನಲ್ಲಿ ಬಿದ್ದಿದ್ದ, ಇದೇ ಮೊಣಕಾಲು.
ಬಿದ್ದು ಬಂದದ್ದಲ್ಲ. ಬಿದ್ದ ಕಾರಣ ಗೊತ್ತಾಯಿತು, ಅಷ್ಟೆ.
ಎರಡು ತಿಂಗಳು ಮುರಿವೆಣ್ಣೆ ತಿಕ್ಕಿದೆ,
ರಾತ್ರಿ ತಲೆದಿಂಬು ಕಚ್ಚಿ ಅಳುತ್ತಿದ್ದ,
ಬೆಳೆಯುವ ನೋವು ಮಗಾ ಅಂದೆ.
ನಾನೇ ಅಂದೆ.

ನನ್ನ ಪೆನ್ನಿಗೆ ಅದಕ್ಕೂ ಜಾಗ ಇರಲಿಲ್ಲ.

ಒಂದಾದರೂ ಹೌದು ಅಂತ ಬರೀರಿ ಮಾರಾಯ್ರೆ,
ಎಲ್ಲ ಇಲ್ಲ ಇಲ್ಲ ಅಂದರೆ
ಸಂಕ ದಾಟಿ ಮನೆಗೆ ಹೋಗಿ
ನಾನು ಯಾರ ಹತ್ತಿರ ಜಗಳ ಆಡಲಿ?

ಒಂದು ಸಾಲು ಉಳಿದಿತ್ತು.
ಈಚೆಗೆ ಬೇಗ ಬೇಗ ಎತ್ತರ ಬೆಳೆದನೇ?

ಅವಳ ಮುಖ ಅರಳಿತು, ಆ ಬೆಳಿಗ್ಗೆ ಮೊದಲ ಸಲ.
ಜೂನಿನಲ್ಲಿ ಹೊಲಿಸಿದ ಪ್ಯಾಂಟು,
ತೊಕ್ಕೊಟ್ಟಿನ ಟೈಲರು ದಸರಾ ರಜೆಗೆ ಮಡಿಕೆ ಬಿಚ್ಚಿದ,
ಜನವರಿಗೆ ಇನ್ನೊಮ್ಮೆ,
ಇನ್ನು ಬಿಚ್ಚಲು ಬಟ್ಟೆಯೇ ಇಲ್ಲಮ್ಮ ಅಂದ.
ಅಪ್ಪನಿಗಿಂತ ನಾಲ್ಕು ಬೆರಳು ಮೇಲೆ!
ಮಾಶಾ ಅಲ್ಲಾಹ್ ಎಂದಳು,
ದೃಷ್ಟಿ ತಾಗದಿರಲೆಂದು
ಎಕ್ಸ್‌ರೇ ಲಕೋಟೆಯ ಮೇಲೆ ಅಂಗೈ ಮುಚ್ಚಿದಳು.

ಹೌದು, ಬರೆದೆ.

ಹಾಗಾದರೆ ನಾನು ಹೊಟ್ಟೆ ತುಂಬ ಉಣಿಸಿದ್ದು?
ಅಲ್ಲ, ಅಲ್ಲ.
ಎಲುಬು ಓಡುವ ವಯಸ್ಸಿನಲ್ಲೇ ಇದು ಹೆಚ್ಚು, ಅಷ್ಟು ಗೊತ್ತು;
ಸಾವಿರ ಹುಡುಗರು ಓಡುತ್ತಾರೆ,
ಒಬ್ಬನದು ಯಾಕೆ ಹೀಗೆ,
ಅದು ಡಾಕ್ಟರಿಗೂ ಗೊತ್ತಿಲ್ಲ.
ಹೇಳಿದೆ. ಅವಳು ಕೇಳಿದಳೋ ಇಲ್ಲವೋ.

ಹೊರಗೆ ಬೆಂಚಿನಲ್ಲಿ ಇರ್ಶಾದ್,
ಎಡಗಾಲು ಮುಂದೆ ಚಾಚಿ,
ಗೋಡೆಗೆ ಮೆಲ್ಲಗೆ ಚೆಂಡಿಲ್ಲದ ಕೈ ಬಡಿಯುತ್ತ.
ಮಾಸಿದ ಪ್ಯಾಂಟಿನ ಕೆಳತುದಿಗೆ ಎರಡು ಪಟ್ಟಿ,
ಇಷ್ಟು ದಿನ ಮಡಿಕೆಯೊಳಗೆ ಬಿಸಿಲು ಕಾಣದ್ದು,
ಹೊಸ ಬಟ್ಟೆಯ ನೀಲಿ.