ಮೂಲೆಯ ನಂಬರು

ಹಾಸನದ ಎಪಿಎಂಸಿ ಯಾರ್ಡಿನಲ್ಲಿ, ಆಲೂಗಡ್ಡೆ ಸೀಜನ್ನಿನಲ್ಲಿ,
ಮಣ್ಣಿನ ವಾಸನೆಯೊಳಗೆ ಲ್ಯಾಪ್‌ಟಾಪು ತೆರೆದು
ಒಂದು ರೆಕಾರ್ಡ್ ಬರೆದೆ.
ಬರೆದೆ ಅಂದರೆ ಐದು ಖಾನೆ:
ಹೆಸರು, ಊರು, ಮೂಟೆ, ತೂಕ, ದರ.
ಅದಕ್ಕೆ ಕೈಯಿಲ್ಲ, ಕಾಲಿಲ್ಲ,
ಬಾಯಂತೂ ಇಲ್ಲವೇ ಇಲ್ಲ.

ಮಂಡಿ ಪುಟ್ಟಣ್ಣಶೆಟ್ಟರಿಗೆ ಅಷ್ಟು ಸಾಲದು.
"ಅಲ್ಲಮ್ಮ, ಚೀಟಿ ತಾನೇ ಕಮಿಷನ್ ಕಳೀಬೇಕು,
ತಾನೇ ಹಮಾಲಿ ಹಿಡೀಬೇಕು, ತಾನೇ ಪ್ರಿಂಟಾಗಬೇಕು,
ಇಲ್ದಿದ್ರೆ ಕಂಪ್ಯೂಟರ್ ಯಾಕೆ?"

ಹಿಂದಿನ ಕೆಲಸದಲ್ಲಿ ನಾನು ಸಾಕಿದ ಕ್ಲಾಸುಗಳು ನೆನಪಾದವು.
ತೂಗುವುದೂ ಅವೇ, ಕೂಗುವುದೂ ಅವೇ.
ಯಾರೋ ಒಳಗೆ ಕೈಹಾಕಿ ಒಂದು ದರ ತಿದ್ದಿದರೆ
ಮೂರು ಫೈಲಿನಾಚೆ ಇನ್ನಾರದೋ ಮೊತ್ತ ಹೊರಳುತ್ತಿತ್ತು;
ತಿದ್ದಿದ ಕೈ ಯಾವುದೆಂದು ಹುಡುಕುತ್ತ
ಎಷ್ಟು ರಾತ್ರಿ ಕಾಫಿ ಆರಿತೋ.

ಬೇಡ ಶೆಟ್ಟರೇ, ಎಂದೆ.
ತಕ್ಕಡಿ ತೂಗಲಿ, ಕೂಗುವವನು ಕೂಗಲಿ,
ಚೀಟಿ ಸುಮ್ಮನೆ ಹಿಡಿದುಕೊಂಡಿರಲಿ.
ಒಮ್ಮೆ ಬರೆದರೆ ತಿದ್ದುವ ಹಾಗಿಲ್ಲ.
ದರ ಬದಲಾಯಿತೋ, ಹೊಸ ಚೀಟಿ ಹರಿಯೋಣ,
ಹಳೆಯದು ಹಳೆಯದಾಗಿಯೇ ಇರಲಿ.

ಶೆಟ್ಟರು ಎಲೆಗೆ ಸುಣ್ಣ ಸವರಿದರು.
ಒಪ್ಪಿಗೆ ಅಂದುಕೊಂಡೆ.

ಇನ್ನೊಂದು ಸುಖವಿತ್ತು ಅದರಲ್ಲಿ.
ಎರಡು ಚೀಟಿಯ ಖಾನೆಗಳೆಲ್ಲ ತಾಳೆಯಾದರೆ
ಎರಡೂ ಸಮ. ಎಲ್ಲಿ ಹುಟ್ಟಿದೆ,
ನೆನಪಿನ ಯಾವ ಕೇರಿಯಲ್ಲಿ ಮನೆ, ಭಾಷೆ ಕೇಳುವುದಿಲ್ಲ.
ಹತ್ತರ ನೋಟಿಗೆ ಹತ್ತರ ನೋಟು ಬಂದರೆ
ನನ್ನದೇ ನೋಟು ಬೇಕೆಂದು ಯಾರು ಅಳುತ್ತಾರೆ?
ಎಂಟರ್ ಕೀಲಿಯನ್ನು ಎರಡೆರಡು ಸಲ ಒತ್ತುವ
ಗುಮಾಸ್ತ ಯಶೋಧರನ ಸಲುವಾಗಿಯೇ
ಸಮವಾದದ್ದನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವ
ಗೂಡೊಂದು ಮಾಡಿದ್ದೆ. ಅದರ ಬಗ್ಗೆ ಸಣ್ಣ ಜಂಬವೂ ಇತ್ತು.

ಭಾದ್ರಪದದ ಒಂದು ಮಂಗಳವಾರ ಸಂಜೆ
ಕೌಂಟರಿನ ಮುಂದೆ ಒಬ್ಬರು ನಿಂತೇ ಇದ್ದರು.

"ಕೊಟ್ಟಾಯ್ತಲ್ಲ ಗೌಡ್ರೇ." ಯಶೋಧರ ಪರದೆ ತಿರುಗಿಸಿದ.
"ಕೊಟ್ಟಿದ್ದು ಅವ್ನಿಗೆ ಕಣಪ್ಪ."
"ಬೋರೇಗೌಡ, ದುದ್ದ, ಹದಿನೆಂಟು ಮೂಟೆ,
ಒಂಬತ್ತು ಕ್ವಿಂಟಾಲು, ಸಾವಿರದಿನ್ನೂರು. ನೀವೇ ತಾನೆ?"
ಗೌಡರು ಪರದೆಯನ್ನು ಬಹಳ ಹೊತ್ತು ನೋಡಿದರು.
"ನಾನೇ. ಆದ್ರೆ ಅದು ನಾನಲ್ಲ."

ಒಬ್ಬನೇ ಅಜ್ಜನ ಹೆಸರು ಹೊತ್ತ ದಾಯಾದಿಗಳು.
ಒಂದೇ ಬದುವಿನ ಆಚೆ ಈಚೆ ಬೆಳೆದ ಗಡ್ಡೆ,
ಒಂದೇ ಟೆಂಪೋದಲ್ಲಿ ಬಂದು, ಒಂದೇ ಕೂಗಿಗೆ ಹೋಗಿತ್ತು.
ನನ್ನ ಗೂಡು ಎರಡನೆಯವರನ್ನು
ಯಶೋಧರನ ಬೆರಳಿನ ತಪ್ಪೆಂದು ಬಗೆದು
ಸದ್ದಿಲ್ಲದೆ ಕೆಳಗೆ ಬಿಟ್ಟಿತ್ತು.

ಮೂಟೆಗಳ ಮೇಲೆ ಕೂತಿದ್ದ ಹಮಾಲಿ ಜವರಯ್ಯ ಎದ್ದು ಬಂದ.
"ಮೂವತ್ತಾರು ಹೊತ್ತಿದೀನಿ ತಾಯಿ, ಹದ್ನೆಂಟಲ್ಲ.
ಬೇಕಾದ್ರೆ ಬೆನ್ನು ಕೇಳಿ."

ಶೆಟ್ಟರು ಗೊಣಗುತ್ತ ಗಲ್ಲಾಪೆಟ್ಟಿಗೆಯಿಂದ ಎಣಿಸಿದರು.
ನಾನು ಬೀರುವಿನ ಮೇಲಿಂದ ಹಳೇ ಚೀಟಿ ಪುಸ್ತಕ ಇಳಿಸಿದೆ.
ಗುಲಾಬಿ ಕಾಗದ, ಹೆಸರು ಊರು ಮೂಟೆ ತೂಕ ದರ,
ಬಲಮೂಲೆಯಲ್ಲಿ ಕೆಂಪಗೆ ಒಂದು ನಂಬರು.
ಮೊದಲ ದಿನವೇ ಕೇಳಿದ್ದೆ, ಇದು ಯಾತಕ್ಕೆಂದು.
"ಪ್ರೆಸ್ಸಿನವ್ನು ಹಾಕ್ತಾನೆ, ಯಾರೂ ಓದಲ್ಲ" ಎಂದಿದ್ದರು.
ಯಾರೂ ಓದದ್ದನ್ನು ಬಿಟ್ಟುಬಿಡುವುದು
ನನಗೆ ಶುಚಿಯಾಗಿ ಕಂಡಿತ್ತು.

ಅಲ್ಲೇ ನಿಂತು ಆರನೆಯ ಖಾನೆ ಸೇರಿಸಿದೆ.
ತೂಗುವುದಿಲ್ಲ, ಬೆಲೆಯಿಲ್ಲ, ಯಾವ ಲೆಕ್ಕಕ್ಕೂ ಸೇರುವುದಿಲ್ಲ;
ಇವನು ಅವನಲ್ಲ ಅನ್ನುವುದಷ್ಟೇ ಅದರ ಕೆಲಸ.

ಹಣ ಒಳಜೇಬಿಗೆ ಇಳಿಸಿ ಬೋರೇಗೌಡರು ಕೇಳಿದರು:
"ನನ್ ನಂಬರ್ ಎಷ್ಟಾಯ್ತವ್ವ?"
"ನಾನೂರ ಹದಿನೇಳು."
"ಅವ್ನ್ದು?"
"ನಾನೂರ ಹದಿನಾರು."

ಗೇಟಿನಾಚೆ ಮೊಪೆಡ್ಡಿನ ಹಾರನ್ನು ಎರಡು ಸಲ ಕೂಗಿತು.
"ನೋಡಿ, ಇಲ್ಲೂ ಅವ್ನೇ ಮುಂದೆ" ಅಂದು
ಹೋಗಿ ಹಿಂದೆ ಕೂತರು.