ಕೆಂಪು ಪದರ

ಟಿಕೋಟಾದ ಹಾದಿಯಲ್ಲಿ ಗಿಡ್ಡೆಪ್ಪ ಮಾಮನ ಬಾವಿ
ಮೂವತ್ತೆರಡು ಮೊಳಕ್ಕೆ ನಿಂತಿತ್ತು.
ಮೇಲೆ ಎರೆ, ಆಮೇಲೆ ಗರಸು,
ಆಮೇಲೆ ಸುತ್ತಿಗೆಗೆ ಗಂಟೆಯಂತೆ ಓಗೊಡುವ ಕರಿಕಲ್ಲು.
ಮೂರು ದಿನ ಮದ್ದು ಸಿಡಿಸಿ ಹೊಗೆ ಇಳಿದ ಮೇಲೆ
ಬುಟ್ಟಿಯಲ್ಲಿ ಹತ್ತಿ ಬಂದದ್ದು ಕಲ್ಲಲ್ಲ,
ಮಣ್ಣು.
ಆವಿಗೆಯಿಂದ ಈಗಷ್ಟೇ ತೆಗೆದ ಮಡಕೆಯ ಬಣ್ಣದ್ದು.

'ಕಲ್ಲಿನ ಕೆಳಗ ಮಣ್ಣ್ ಯಾಕ ಬಂತು?'
ಮಾಮ ಕೇಳಿದ್ದು ನನ್ನನ್ನಲ್ಲ, ಹಗ್ಗವನ್ನು.
ನಾನು ಅಂತರ್ಜಲ ಇಲಾಖೆಯ ದಿನಗೂಲಿ,
ಯಾವ ಆಳಕ್ಕೆ ಯಾವ ಪದರ ಎಂದು ಬರೆದುಕೊಳ್ಳುವವಳು.
ಉತ್ತರ ಗೊತ್ತಿತ್ತು. ಬಾಯಿ ಬರಲಿಲ್ಲ.

ಗುಡ್ಡವೊಂದು ಬಾಯ್ದೆರೆದು ಬೆಂಕಿ ಉಗುಳಿದ್ದಲ್ಲ, ಮಾಮ,
ನೆಲವೇ ಉದ್ದಕ್ಕೆ ಬಿಟ್ಟುಕೊಂಡದ್ದು,
ಹೊಲಿಗೆ ಹೋದ ಕೌದಿಯ ಹಾಗೆ.
ಆ ಸಂದಿನಿಂದ ಅಂಬಲಿಯಂತೆ ಉಕ್ಕಿ
ತಗ್ಗು ತುಂಬಿ, ದಿನ್ನೆ ಮುಚ್ಚಿ, ಹರಿದು, ಆರಿ
ಸುಮ್ಮನಾಯಿತು.
ಎಷ್ಟು ಕಾಲ ಸುಮ್ಮನೆ?
ಕಲ್ಲು ಕೊಳೆತು ಮಣ್ಣಾಗುವಷ್ಟು,
ಹೆಸರಿಡುವವರಿಲ್ಲದ ಹುಲ್ಲು ಬೇರು ಬಿಡುವಷ್ಟು,
ಯಾವುದೋ ಕಪ್ಪೆ ಅದರ ನೆರಳಲ್ಲಿ ಕೂತು
ಇದು ಗಟ್ಟಿ, ಇನ್ನು ಇಷ್ಟೇ ಎಂದು ನಂಬುವಷ್ಟು.
ಆಮೇಲೆ ಮತ್ತೆ ಬಂತು.
ಮೇಲಿನದು ಸುಟ್ಟ ಕೆಳಗಿನದೇ ಈ ಕೆಂಪು.

ಮಧ್ಯಾಹ್ನ ಬೇವಿನ ಬುಡಕ್ಕೆ ಮೂರು ಕಲ್ಲಿಟ್ಟು
ನಿಂಬೆವ್ವ ರೊಟ್ಟಿ ಬಡಿದಳು.
ತಟ್ಟಿದಷ್ಟೂ ನಡುವೆ ತೆಳು, ಅಂಚಿಗೆ ಸೀಳು;
ಒದ್ದೆ ಬೆರಳಲ್ಲಿ ಸವರಿ ಮುಚ್ಚುತ್ತಾಳೆ,
ಇನ್ನೊಂದು ಕಡೆ ಬಿರಿಯುತ್ತದೆ.
ಹಿಗ್ಗು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ.
ಅಡಿಯಿಂದ ಕಾವು ಏರಿ ನೆಲ ಹಿಗ್ಗಿದಾಗ
ಅದಕ್ಕೆ ಗೊತ್ತಿದ್ದದ್ದು ಯಾವುದು?
ಸವರುವ ಬೆರಳು ಇರಲಿಲ್ಲ ಅಷ್ಟೇ.
ಪಡುವಣದಲ್ಲಿ ಒಂದು ತುತ್ತು ಹರಿಯಿತು,
ನಡುವೆ ಉಪ್ಪುನೀರು ನುಗ್ಗಿತು.
ಈಗ ಅದಕ್ಕೆ ಸೇಶೆಲ್ಸ್ ಎನ್ನುತ್ತಾರೆ, ನಕಾಶೆಯಲ್ಲಿ ಚುಕ್ಕಿ.
ಮುರಿದ ತುತ್ತನ್ನು ಯಾರೂ ಉಣ್ಣಲಿಲ್ಲ.

'ಉಣ್ಣ, ಆರತೈತಿ' ಅಂದಳು ನಿಂಬೆವ್ವ.
ರೊಟ್ಟಿ, ಪುಂಡಿಪಲ್ಲೆ, ಒಂದು ಉಳ್ಳಾಗಡ್ಡಿ
ಮಾಮ ಗುದ್ದಿ ಒಡೆದದ್ದು.

ಕೈ ತೊಳೆಯುವ ಮೊದಲೇ ಅವನು
ಆ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿದ.
ಅಂಟಿತು.
'ಇದರ ಮ್ಯಾಲೇ ಸೆಲಿ ಐತಿ' ಅಂದ.
ಬಗ್ಗಿ ನೋಡಿದರೆ, ಕಪ್ಪು ಕೆಂಪು ಕೂಡುವ ಗೆರೆಯಗುಂಟ
ಗೋಡೆ ಬೆವರುತ್ತಿತ್ತು.

ವಹಿಯಲ್ಲಿ ಬರೆದೆ:
ಆಳ ನಲವತ್ತೆಂಟು ಅಡಿ. ಕೆಂಪು ಜೇಡಿ. ದಪ್ಪ ಒಂದು ಗೇಣು.
ಷರಾ ಎಂಬ ಸಣ್ಣ ಚೌಕದಲ್ಲಿ
ಕಪ್ಪೆ ಎಂದು ಬರೆದು, ಹೊಡೆದು ಹಾಕಿ,
ತೇವ
ಎಂದೆ.