ನಲವತ್ತೆರಡನೆಯ ದಿನ

ಅಮ್ಮತ್ತಿಯಲ್ಲಿ ಬಸ್ಸಿಳಿದು ಏರು ಹತ್ತಿ ಬಂದಿದ್ದೇನೆ,
ಚೀಲದಲ್ಲಿ ಬಿ.ಪಿ. ಯಂತ್ರ, ಕಬ್ಬಿಣದ ಗುಳಿಗೆ, ನೀಲಿ ಪೆನ್ನು.
ಕಣದಲ್ಲಿ ಕಾಫಿಹಣ್ಣು ಹರಡುತ್ತಿದ್ದಾಳೆ ಪೂವಮ್ಮ.
ಬಗ್ಗಬೇಡ ಎಂದಿದ್ದೆ. ಬಗ್ಗಿಯೇ ಇದ್ದಾಳೆ.

ಮಗು ಇಲ್ಲಿಲ್ಲ. ತಂಗಿಯದು; ಪೊನ್ನಂಪೇಟೆಯಲ್ಲಿದೆ.
ಮೂವತ್ತೈದನೆಯ ವಾರಕ್ಕೇ ಮೈಸೂರಿನಲ್ಲಿ ಕೊಯ್ದು ತೆಗೆದದ್ದು,
ಒಂದು ಕಿಲೋ ಒಂಬೈನೂರು, ಹನ್ನೊಂದು ದಿನ ಗಾಜಿನ ಪೆಟ್ಟಿಗೆ.
ಈಗ ಮೂರೂಕಾಲು.
ಹೆಣ್ಣೆಂದು ಕಂಚಿನ ತಟ್ಟೆ ಬಡಿದರಂತೆ,
ತಡವಾಗಿ, ನಿದ್ದೆ ಕೆಡದಂತೆ ಬಟ್ಟೆ ಸುತ್ತಿದ ಕೋಲಿನಿಂದ.

ನನ್ನ ಪುಸ್ತಕದಲ್ಲಿ ಒಂದೇ ಸಾಲು: ‘ತಾಯಿ-ಮಗು ಕ್ಷೇಮ.’
ನಡುವಿನ ಗೆರೆಯನ್ನು ಎಲ್ಲಿ ಕಡಿಯಲಿ?
ತಾಯಿಯನ್ನು ಕೇಳಲು ಯಾವ ಊರಿಗೆ ಹೋಗಲಿ?

ತೋಳು ಚಾಚು ಎಂದೆ. ಪಟ್ಟಿ ಉಬ್ಬಿತು, ಬಿಗಿಯಿತು, ಉಸಿರು ಬಿಟ್ಟಿತು.
ನೂರೈವತ್ತೆರಡು. ಕೆಳಗೆ ತೊಂಬತ್ತೆಂಟು.
‘ಆಗಲೂ ಇಷ್ಟೇ ಇತ್ತಲ್ಲ’ ಅಂದಳು,
ನಿನ್ನೆ ಬಿದ್ದ ಮಳೆಯ ಇಂಚು ಹೇಳುವವಳಂತೆ.
ತನ್ನಿಬ್ಬರು ಗಂಡುಮಕ್ಕಳ ಬಸಿರಲ್ಲಿ ನೂರಹತ್ತು ದಾಟಿರಲಿಲ್ಲ.
ಬೇರೆಯವರ ಅಂಡ, ಮೈ ಒಪ್ಪಿಕೊಳ್ಳಲು ತಿಣುಕುತ್ತದೆ, ಎಂದಿದ್ದರು ಡಾಕ್ಟರು.
‘ಬೇರೆಯವಳೇನು, ತಂಗಿಯಲ್ಲವಾ?’
ಮೈಗೆ ಯಾರು ಹೇಳುವುದು!

ಹಾಲು? ಕೇಳಿದೆ.
‘ಮಲ್ಲಿಗೆ ಕಟ್ಟಿಕೊಂಡೆ, ಮೂರು ದಿನ. ನಿಂತಿತು.
ಅದು ಫೋನಿನಲ್ಲಿ ಅತ್ತಾಗ ಮಾತ್ರ...’
ಮಾತು ಬಿಟ್ಟು ಹಣ್ಣಿಗೆ ಕೈಯಾಡಿಸಿದಳು.

ಬಂದವರೆಲ್ಲ ಕೇಳುವುದು ಮಗುವಿನ ತೂಕ.
ನಾನು ಹೊಸ ಪುಟ ತೆಗೆದೆ:
ಪೂವಮ್ಮ, ಮೂವತ್ತನಾಲ್ಕು, 152/98,
ಗೋಣಿಕೊಪ್ಪದಲ್ಲಿ ನಾಳೆಯೇ ತೋರಿಸುವುದು.
ಸೋಮವಾರ ಮತ್ತೆ.

‘ಸೋಮವಾರವೂ ಬರ್ತೀಯಾ? ನಲವತ್ತೆರಡು ಮುಗೀತಲ್ಲ.’
ಬರ್ತೀನಿ ಅಂದೆ.
ಬಸ್ಸಿಗಿನ್ನೂ ಹೊತ್ತಿತ್ತು; ಕುಕ್ಕೆ ಎಳೆದುಕೊಂಡು
ಅವಳ ಪಾಲಿನ ಹಣ್ಣು ನಾನೇ ಹರಡಿದೆ.